ಬುದ್ಧ ಕೂತೇ ಇದ್ದಾನೆ, ಟಿವಿಗೆ ವಯಸ್ಸಾಯಿತು

ಒಂದು ಹಳೆಯ ಬುದ್ಧನ ವಿಗ್ರಹ. ಅದರೆದುರು ಒಂದು ಟಿವಿ. ಟಿವಿಯ ಹಿಂದೆ ನಿಂತು ಬುದ್ಧನನ್ನೇ ದಿಟ್ಟಿಸುವ ಒಂದು ಕ್ಯಾಮೆರಾ. ಕ್ಯಾಮೆರಾ ಕಂಡದ್ದು ಆ ಕ್ಷಣವೇ ಪರದೆಯ ಮೇಲೆ ಮೂಡುತ್ತದೆ. ಬುದ್ಧ ತನ್ನನ್ನೇ ನೋಡುತ್ತ ಕೂತಿರುತ್ತಾನೆ. ಸಿಯೋಲ್‌ನಲ್ಲಿ ಹುಟ್ಟಿ, ಜಪಾನ್, ಜರ್ಮನಿಗಳನ್ನು ಹಾದು ನ್ಯೂಯಾರ್ಕ್ ಸೇರಿದ ನಾಮ್ ಜೂನ್ ಪೈಕ್ (1932–2006) ಅವರ 'ಟಿವಿ ಬುದ್ಧ'ದಲ್ಲಿ (1974) ಇರುವುದು ಇಷ್ಟೇ.

ಪೂರ್ವದ ಧ್ಯಾನ, ಪಶ್ಚಿಮದ ಯಂತ್ರ ಎಂದು ಈ ಕೃತಿಯನ್ನು ಎರಡು ಪಾಲು ಮಾಡುವುದು ವಾಡಿಕೆ. ಈ ಪಾಲುಪಟ್ಟಿ ನನಗೆ ಒಪ್ಪಿಗೆಯಾಗುವುದಿಲ್ಲ. ಪೈಕ್‌ಗೆ ಟಿವಿ ಪರಕೀಯ ವಸ್ತುವಾಗಿರಲಿಲ್ಲ. 1963ರಲ್ಲೇ ಜರ್ಮನಿಯ ವುಪ್ಪರ್ಟಾಲ್‌ನಲ್ಲಿ ಟಿವಿ ಸೆಟ್ಟುಗಳ ಒಳಗೆ ಕೈಯಾಡಿಸಿ, ಬಿಂಬಗಳನ್ನು ತಿರುಚಿ ಪ್ರದರ್ಶಿಸಿದ್ದರು. ಬುದ್ಧನೂ ಗುಡಿಯಿಂದ ನೇರ ಎದ್ದು ಬಂದವನಲ್ಲ. ಟಿವಿ, ವಿಗ್ರಹ ಎರಡೂ ದುಡ್ಡು ಕೊಟ್ಟು ತಂದವೇ.

ಕೃತಿಯ ಕಸುವು ಬೇರೆಡೆ ಇದೆ. ವಿಡಿಯೋ ಎಂದರೆ ಚಲನೆ ಎಂದು ನಂಬಿದ ಕಣ್ಣಿಗೆ ಇಲ್ಲಿ ಏನೂ ಕದಲುವುದಿಲ್ಲ. ಆದರೂ ಅದು ಫೋಟೊ ಅಲ್ಲ. ನೋಡುಗ ವಿಗ್ರಹದ ಹಿಂದೆ ಇಣುಕಿದರೆ ಅವನ ಮುಖವೂ ಪರದೆಗೆ ಬಂದುಬಿಡುತ್ತದೆ. ಗಳಿಗೆ ಗಳಿಗೆಗೂ ಹೊಸದಾಗಿ ಹುಟ್ಟುವ ನಿಶ್ಚಲತೆ ಅದು. ಅದೇ ವರ್ಷ ಕಲೋನ್‌ನಲ್ಲಿ ಪೈಕ್ ತಾವೇ ಬುದ್ಧನ ಜಾಗದಲ್ಲಿ ಕೂತರು. ಉಸಿರಾಡುವ ಮೈ ಎಷ್ಟು ಹೊತ್ತು ಶಿಲ್ಪವಾಗಿ ಇದ್ದೀತು?

ಕನ್ನಡದ ಓದುಗರಿಗೆ ಇಲ್ಲಿ ಸ್ಥಾವರ, ಜಂಗಮ ನೆನಪಾಗದೆ ಇರದು. ವಿಗ್ರಹ ಸ್ಥಾವರ, ವಿಡಿಯೋ ಜಂಗಮ ಎನ್ನಹೊರಟರೆ ಕಾಲ ಆ ಲೆಕ್ಕವನ್ನು ತಲೆಕೆಳಗು ಮಾಡಿದೆ. ಇಲ್ಲಿ ಮೊದಲು ಅಳಿಯುವುದು ಜಂಗಮವೇ. ವಿಗ್ರಹ ಶತಮಾನಗಳನ್ನು ತಡೆದುಕೊಳ್ಳುತ್ತದೆ. ಪಿಕ್ಚರ್ ಟ್ಯೂಬ್ ಕೆಲವು ದಶಕಗಳಲ್ಲೇ ಕಣ್ಣು ಮುಚ್ಚುತ್ತದೆ.

ಇದರ ಬಿಸಿ ಹೆಚ್ಚು ತಟ್ಟಿದ್ದು ಪೈಕ್‌ರ ಇನ್ನೊಂದು ಕೃತಿಗೆ. 1988ರ ಸಿಯೋಲ್ ಒಲಿಂಪಿಕ್ಸ್ ವೇಳೆಗೆ ಗ್ವಾಚಿಯಾನ್‌ನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ ಅವರು 1003 ಟಿವಿಗಳ ಗೋಪುರ ಕಟ್ಟಿದರು: 'ದ ಮೋರ್, ದ ಬೆಟರ್'. 2018ರಲ್ಲಿ ಸುರಕ್ಷತೆಯ ಕಾರಣಕ್ಕೆ ಅದನ್ನು ಆರಿಸಬೇಕಾಯಿತು. 2022ರಲ್ಲಿ ಮತ್ತೆ ಬೆಳಗಿಸುವ ಹೊತ್ತಿಗೆ 737 ಟ್ಯೂಬ್‌ಗಳನ್ನು ರಿಪೇರಿ ಮಾಡಿಯೋ ಹಳೆಯವನ್ನೇ ಹುಡುಕಿ ತಂದೋ ಉಳಿಸಿಕೊಂಡಿದ್ದರು. ಉಳಿದ 266 ಚಿಕ್ಕ ಪರದೆಗಳು ಎಲ್‌ಸಿಡಿ ಆಗಿದ್ದವು.

ಎಲ್ಲವನ್ನೂ ಎಲ್‌ಸಿಡಿ ಮಾಡಿದ್ದರೆ ಖರ್ಚು, ತಲೆನೋವು ಎರಡೂ ತಪ್ಪುತ್ತಿದ್ದವು, ಬಿಂಬವೂ ನಿಚ್ಚಳವಾಗಿರುತ್ತಿತ್ತು. ಆದರೆ ಶಿಲ್ಪ ಹೋಗುತ್ತಿತ್ತು. ಉಬ್ಬಿದ ಗಾಜು, ಹಿಂಬದಿಯ ಡುಬ್ಬ, ಕಾವು ಇವೆಲ್ಲ ಆ ಬೆಳಕಿನ ಮೈ. ಬುದ್ಧನೆದುರು ತೆಳ್ಳನೆಯ ಹಲಗೆ ನಿಲ್ಲಿಸಿದರೆ ಅದು ಕನ್ನಡಿಯಾದೀತು. ಪೆಟ್ಟಿಗೆ ಟಿವಿಯಾದರೆ ಅವನಷ್ಟೇ ಗಟ್ಟಿಯಾಗಿ ಕೂತ ಇನ್ನೊಂದು ಜೀವ. ಎರಡು ಮೈಗಳು ಎದುರುಬದುರು ಕೂತಾಗಲೇ ಈ ಕೃತಿ ನಡೆಯುತ್ತದೆ.

ಗೋಪುರವನ್ನು ಈಗ ದಿನಕ್ಕೆ ಕೆಲವೇ ಗಂಟೆ ಬೆಳಗಿಸುತ್ತಾರೆ. ಇದು ಕೃತಿಗೆ ಮಾಡಿದ ಅನ್ಯಾಯ ಎನ್ನುವವರಿದ್ದಾರು. ನನಗೆ ಇದೇ ಹೆಚ್ಚು ಪ್ರಾಮಾಣಿಕ ದಾರಿ ಎನಿಸುತ್ತದೆ. ಎಂದೂ ಆರದ ನಕಲಿಗಿಂತ, ಆಯಸ್ಸು ಮುಗಿಯುತ್ತಿರುವ ಅಸಲನ್ನು ಹೊತ್ತು ಗೊತ್ತು ನೋಡಿ ಕಾಣಹೋಗುವುದು ಮೇಲು. ಕೊನೆಯ ಟ್ಯೂಬ್ ಆರಿದ ದಿನ ಅದನ್ನು ಆರಿದ್ದಾಗಿಯೇ ತೋರಿಸುವ ಧೈರ್ಯ ಸಂಗ್ರಹಾಲಯಗಳಿಗೆ ಬರಬೇಕು.