ಅಂಕ ಕೊಡುವವರು ಯಾರು?

ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಔಷಧಿ ಬರೆಯುವವರು ಒಬ್ಬರು, ನಡಿಗೆ ಕಲಿಸುವವರು ಇನ್ನೊಬ್ಬರು, ಮಾತು ಕಲಿಸುವವರು ಮತ್ತೊಬ್ಬರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ಮಾತ್ರ ತಾಯಿಯದು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ‘ಲೆಂಡ್’ ತರಬೇತಿ ಕೈಹಾಕಿದ್ದು ಈ ತೊಡಕಿಗೇ. ಬೌದ್ಧಿಕ ಅಂಗವೈಕಲ್ಯವಿದ್ದ ತಂಗಿಯನ್ನು ಕಂಡಿದ್ದ ಅಧ್ಯಕ್ಷ ಕೆನಡಿಯವರ ಕಾಲದ 1963ರ ಕಾಯ್ದೆ ಇಂಥ ತರಬೇತಿ ನಡೆಸುವ ಕೇಂದ್ರಗಳಿಗೆ ತಳಪಾಯ ಹಾಕಿತು.

ವೈದ್ಯಕೀಯ, ಫಿಸಿಯೋಥೆರಪಿ, ವಾಕ್-ಶ್ರವಣ, ಮನಶ್ಶಾಸ್ತ್ರ, ಸಮಾಜಕಾರ್ಯ ಓದುವವರು ಇಲ್ಲಿ ಕನಿಷ್ಠ 300 ಗಂಟೆ ಜೊತೆಯಾಗಿ ಕಲಿಯುತ್ತಾರೆ. ಇಷ್ಟೇ ಆಗಿದ್ದರೆ ಹೊಗಳಲು ಹೆಚ್ಚೇನೂ ಇರಲಿಲ್ಲ. ತಜ್ಞರು ತಜ್ಞರೊಡನೆ ಕೂತರೆ ಸಭೆ ಉದ್ದವಾಗುತ್ತದೆ, ಅಷ್ಟೆ. ಲೆಂಡ್‌ನ ದಿಟ್ಟತನ ಬೇರೆ ಕಡೆ ಇದೆ. ‘ಕುಟುಂಬ’ವನ್ನೂ ಅದು ಒಂದು ಜ್ಞಾನಶಾಖೆ ಎಂದು ಎಣಿಸಿತು. ಮಗುವಿನ ಅಪ್ಪ ಅಮ್ಮ, ಈಚೆಗೆ ಸ್ವತಃ ಅಂಗವೈಕಲ್ಯವುಳ್ಳವರು, ವೈದ್ಯ ವಿದ್ಯಾರ್ಥಿಯ ಸಹಪಾಠಿಗಳಾದರು. ವಿದ್ಯಾರ್ಥಿ ಒಂದು ಮನೆಗೆ ಹೋಗಿ ಅಲ್ಲಿನ ಬೆಳಗು, ಶಾಲೆಯ ಜಗಳ, ವಿಮೆಯ ಕಾಗದಪತ್ರಗಳನ್ನು ಕಣ್ಣಾರೆ ಕಾಣುತ್ತಾನೆ. ವಾರಕ್ಕೆ ಐದು ದಿನ ವ್ಯಾಯಾಮ ಮಾಡಿಸಿ ಎಂದು ಚೀಟಿ ಬರೆಯುವ ಕೈ ಆಮೇಲಾದರೂ ಒಂದು ಕ್ಷಣ ತಡೆದೀತು.

ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಕುತೂಹಲದ ನೆರೆಹೊರೆ ಇದೆ. ಅಂಗವೈಕಲ್ಯ ಅಧ್ಯಯನದಲ್ಲಿ ಪಿಎಚ್‌ಡಿ 1998ರಲ್ಲಿ ಶುರುವಾದದ್ದು ಅಲ್ಲಿ, ಲೆಂಡ್ ತರಬೇತಿ ನಡೆಯುವುದೂ ಅಲ್ಲೇ. ಒಂದು ಕಡೆ, ತೊಂದರೆ ದೇಹದಲ್ಲಿಲ್ಲ, ಮೆಟ್ಟಿಲಲ್ಲಿದೆ ಎನ್ನುವ ಪಾಠ. ಇನ್ನೊಂದು ಕಡೆ, ಆ ದೇಹಕ್ಕೆ ಬೇಕಾದ ಚಿಕಿತ್ಸೆಯ ಪಾಠ. ಅದೇ ವರ್ಷ ಬಂದ ತಮ್ಮ ಪುಸ್ತಕದಲ್ಲಿ ಲೇಖಕಿ ಸಿಮಿ ಲಿಂಟನ್, ಚಿಕಿತ್ಸೆ ಮತ್ತು ಸೇವೆಯ ಕೋರ್ಸುಗಳನ್ನು ಅಂಗವೈಕಲ್ಯ ಅಧ್ಯಯನ ಎಂದು ಕರೆಯಬಾರದು ಎಂದು ವಾದಿಸಿದರು. ಅವರ ಭಯ ನ್ಯಾಯವಾದದ್ದು. ಆಸ್ಪತ್ರೆಯ ಭಾಷೆ ಪಕ್ಕದಲ್ಲಿದ್ದುದನ್ನೆಲ್ಲ ನುಂಗುತ್ತದೆ. ಆದರೆ ಬೇಲಿ ಹಾಕಿಕೊಂಡರೆ ನಷ್ಟ ಯಾರಿಗೆ? ಹಕ್ಕಿನ ಚರ್ಚೆ ಸಾಹಿತ್ಯ ವಿಭಾಗದಲ್ಲೇ ಉಳಿದು, ಥೆರಪಿಸ್ಟ್ ಅದನ್ನು ಕೇಳದೆಯೇ ಪದವಿ ಪಡೆದು ಹೊರಬೀಳುತ್ತಾನೆ. ಹಾಗಾಗಿ ನನ್ನ ಒಲವು ಷಿಕಾಗೋದ ಆ ಜಗಳಗಂಟ ನೆರೆಹೊರೆಯ ಕಡೆಗೆ.

ತಕರಾರು ಇರುವುದು ಅಧಿಕಾರದ ಹಂಚಿಕೆಯಲ್ಲಿ. ಅಂಗವೈಕಲ್ಯವುಳ್ಳವರನ್ನು ಅನುಭವ ಹೇಳಲು ಕರೆಯುವುದು ಸುಲಭ. ಪಠ್ಯ ರೂಪಿಸುವ, ವಿದ್ಯಾರ್ಥಿಯನ್ನು ಫೇಲು ಮಾಡುವ ಹಕ್ಕು ಅವರಿಗೆ ಸಿಗುವವರೆಗೆ ಈ ತರಬೇತಿ ಅರ್ಧ ದಾರಿಯಲ್ಲೇ ಇದೆ.

ನಮ್ಮಲ್ಲಿ 1965ರಿಂದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ನಿಮ್ಹಾನ್ಸ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 47ನೇ ಸೆಕ್ಷನ್, ವೈದ್ಯರು, ಶಿಕ್ಷಕರ ಓದಿನಲ್ಲಿ ಅಂಗವೈಕಲ್ಯದ ವಿಷಯ ಇರಬೇಕೆನ್ನುತ್ತದೆ. ಆ ಪಾಠ ಮಾಡುವ ಹುದ್ದೆಗಳಿಗೆ ಅಂಗವಿಕಲರನ್ನೇ, ಪೂರ್ಣ ಸಂಬಳ ಕೊಟ್ಟು, ನೇಮಿಸಬೇಕು.