ಬೊಮ್ಮನಹಳ್ಳಿಯ ಬಚ್ಚಲು, ಕೋಲಾರದ ಕೆರೆ

ಬೆಂಗಳೂರಿನ ಬೊಮ್ಮನಹಳ್ಳಿಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದ ನೀರು ಕೋಲಾರದ ಹಿಪ್ಪುನೇರಳೆ ತೋಟ ಸೇರುತ್ತದೆ ಎಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಮಡಿವಾಳ ಕೆರೆ, ಅಗರ, ಬೆಳ್ಳಂದೂರು, ವರ್ತೂರು ಹಾದು ದಕ್ಷಿಣ ಪಿನಾಕಿನಿ ಸೇರುವ ಈ ಇಳಿಜಾರೇ ಕೋರಮಂಗಲ–ಚಲ್ಲಘಟ್ಟ ಕಣಿವೆ. ಇದರ ಕೊಳಚೆಯನ್ನು ಶುದ್ಧೀಕರಿಸಿ, ಮೇಲೆತ್ತಿ, ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ಮೊದಲ ನೀರು 2018ರ ಜೂನ್‌ನಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಹೊಗಳುವವರು ಅಂದಿನಿಂದ ತುಂಬಿದ ಕೆರೆಯ ಚಿತ್ರ ತೋರಿಸುತ್ತಾರೆ, ತೆಗಳುವವರು ನೊರೆಯ ಚಿತ್ರ. ಕೆರೆ ತುಂಬಿದ ಮೇಲೆ ನೀರು ಯಾರದು ಎನ್ನುವ ಲೆಕ್ಕ ಮಾತ್ರ ಇಬ್ಬರ ಚಿತ್ರದಲ್ಲೂ ಇಲ್ಲ.

ಮೊದಲು ಸಲ್ಲಬೇಕಾದ್ದು ಸಲ್ಲಲಿ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಕೋಲಾರ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಗಿದೆ. ಈ ಕಡೆಗೆ ನೀರು ತರಲೆಂದು 2014ರಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆಯ ಮೊದಲ ಹಂತದ ಪಂಪುಗಳು ಸಕಲೇಶಪುರದಲ್ಲಿ ಚಾಲೂ ಆಗಲು 2024 ಬರಬೇಕಾಯಿತು. ಅಷ್ಟರೊಳಗೆ ಸಣ್ಣ ನೀರಾವರಿ ಇಲಾಖೆ ದಿನಕ್ಕೆ 44 ಕೋಟಿ ಲೀಟರ್ ಗುರಿಯಿಟ್ಟು, 126 ಕೆರೆಗಳ ಪಟ್ಟಿ ಹಿಡಿದು, ಕೊಳವೆ ಹಾಕಿ ನೀರು ಹರಿಸಿಯೇಬಿಟ್ಟಿತು. ಗುರಿ ಪೂರ್ತಿ ಮುಟ್ಟಿದರೆ ವರ್ಷಕ್ಕೆ ಸುಮಾರು ಐದೂವರೆ ಟಿಎಂಸಿ. ಮಳೆ ಕೈಕೊಟ್ಟರೂ ಬೆಂಗಳೂರಿನವರು ಸ್ನಾನ ಬಿಡುವುದಿಲ್ಲವಾದ್ದರಿಂದ ಈ ಹೊಳೆ ಬತ್ತುವ ಭಯವೂ ಕಡಿಮೆ. ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಹರಿಯುವ ಹಳೆಯ ಸರಪಳಿಯನ್ನೇ ಬಳಸಿಕೊಂಡದ್ದು ಜಾಣತನ. ಕೆರೆಗಳ ಸುತ್ತ ಅಂತರ್ಜಲ ಏರಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೂ ಗುರುತಿಸಿದೆ.

ನೊರೆಯ ಕಥೆ ಎಲ್ಲರಿಗೂ ಗೊತ್ತು. ನೀರು ಬಂದ ಮುಂದಿನ ತಿಂಗಳೇ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು, ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2019ರಲ್ಲಿ ನೀರು ಮತ್ತೆ ಹರಿಯಿತು. ನೊರೆ ಕಣ್ಣಿಗೆ ಕಾಣುತ್ತದೆ. ಕಾಣದಿರುವುದೇ ಹೆಚ್ಚು ಚಿಂತೆಯದ್ದು. ಎರಡನೇ ಹಂತದ ಶುದ್ಧೀಕರಣಕ್ಕೇ ಯೋಜನೆ ನಿಂತುಬಿಟ್ಟಿದೆ. ಆ ಹಂತ ದಾಟಿದ ನೀರಿನಲ್ಲಿ ಸಾರಜನಕ, ರಂಜಕ ಉಳಿಯುತ್ತವೆ, ಕಾರ್ಖಾನೆಯ ಕೊಳಚೆ ಸೇರಿದ್ದರೆ ಲೋಹಗಳೂ ಉಳಿಯಬಹುದು. ಇಸ್ರೇಲಿನ ಟೆಲ್ ಅವೀವ್ ಬಳಿಯ ಶಾಫ್‌ದಾನ್ ಸ್ಥಾವರವೂ ನಗರದ ಕೊಳಚೆಯನ್ನು ಶುದ್ಧೀಕರಿಸಿ ನೆಲಕ್ಕೆ ಇಂಗಿಸುತ್ತದೆ. ಅಲ್ಲಿನ ನೆಲ ಮರಳು, ಅದೇ ಒಂದು ಸೋಸುಬಟ್ಟೆ. ಮತ್ತೆ ಮೇಲೆತ್ತಿದ ನೀರು ಪ್ರತ್ಯೇಕ ಕೊಳವೆಯಲ್ಲಿ ನೆಗೆವ್ ಪ್ರದೇಶದ ಹೊಲಗಳಿಗೆ ಹೋಗುತ್ತದೆ, ಯಾರಿಗೆಷ್ಟು ಎನ್ನುವ ಪ್ರಮಾಣವೂ ಗೊತ್ತು. ಕೋಲಾರದ್ದು ಗಟ್ಟಿ ಬಂಡೆ. ನೀರು ಬಿರುಕು ಹಿಡಿದು ಓಡುತ್ತದೆ, ಎಲ್ಲಿ ಮೇಲೇಳುತ್ತದೆಂದು ಹೇಳುವುದು ಕಷ್ಟ. ಆ ಬಿರುಕುಗಳಿಂದಲೇ ಊರಿನ ಕುಡಿಯುವ ನೀರಿನ ಬೋರೂ ಎಳೆಯುತ್ತದೆ. ಮೂರನೇ ಹಂತದ ಶುದ್ಧೀಕರಣ ಕೇಳುತ್ತಾ ಬಂದಿರುವ ಹೋರಾಟಗಾರರನ್ನು ಅಭಿವೃದ್ಧಿ ವಿರೋಧಿಗಳೆಂದು ಜರಿದವರು ಈ ಒಂದು ಸಂಗತಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಆದರೆ ನೀರನ್ನು ಎಷ್ಟೇ ಶುದ್ಧ ಮಾಡಿದರೂ ಯೋಜನೆಯ ನಡುಭಾಗ ಟೊಳ್ಳಾಗಿಯೇ ಉಳಿಯುತ್ತದೆ. ಕೆರೆಯಿಂದ ನೇರವಾಗಿ ನೀರೆತ್ತುವಂತಿಲ್ಲ, ಇಂಗಿದ್ದನ್ನು ಬೋರಿನಿಂದ ಎತ್ತಿಕೊಳ್ಳಿ ಎಂಬುದು ಇದರ ನಿಯಮ. ಆರೋಗ್ಯದ ಕಣ್ಣಿನಿಂದ ನೋಡಿದರೆ ಸರಿಯೇ. ಹಂಚಿಕೆಯ ಕಣ್ಣಿನಿಂದ ನೋಡಿ: ತೂಬು ಮುಚ್ಚಿತು, ಅಚ್ಚುಕಟ್ಟಿನ ರೈತನ ಹಕ್ಕು ಕಾಗದದಲ್ಲಿ ಉಳಿಯಿತು, ನೀರು ಬೋರು ಇದ್ದವನ ಪಾಲಾಯಿತು. ಹೊಸ ಬೋರು ಕೊರೆಸಲು ದುಡ್ಡಿರುವವನು ಟೊಮೆಟೊ ಬೆಳೆದು ಕೋಲಾರದ ಮಂಡಿಗೆ ಸಾಗಿಸುತ್ತಾನೆ; ಇಲ್ಲದವನು ಏರಿಯ ಮೇಲೆ ನಿಂತು ತುಂಬಿದ ಕೆರೆ ನೋಡುತ್ತಾನೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಹಾಗಿರುವಾಗ ಏರಿದ ಅಂತರ್ಜಲ ಎಷ್ಟು ದಿನ ಏರಿಯೇ ಇದ್ದೀತು? ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯ್ದೆ ಇದೆ. ಊರಲ್ಲಿ ಬೋರ್‌ವೆಲ್ ಲಾರಿ ನಿಂತಾಗ ಅದರ ನೆನಪು ಯಾರಿಗೂ ಬರುವುದಿಲ್ಲ.

ಕೆರೆ ಎಂದರೆ ಬರೀ ಗುಂಡಿ ಎಂದುಕೊಂಡಾಗ ಹೀಗಾಗುತ್ತದೆ. ಈ ಜಿಲ್ಲೆಯ ಕೆರೆಗಳಿಗೆ ನೀರುಗಂಟಿ ಇದ್ದ. ಕೆರೆಯಲ್ಲಿ ನೀರೆಷ್ಟಿದೆ, ಈ ಸಲ ಭತ್ತವೋ ರಾಗಿಯೋ, ಎಷ್ಟು ಎಕರೆಗೆ ಸಾಕು ಎಂದು ಊರು ಕೂತು ತೀರ್ಮಾನಿಸಿದ ಮೇಲೆ ತೂಬು ಎತ್ತುತ್ತಿದ್ದವನು ಅವನು. ಕೂಲಿ ಕಣದಲ್ಲಿ ಧಾನ್ಯವಾಗಿ ಸಿಗುತ್ತಿತ್ತು. ಬಹುಮಟ್ಟಿಗೆ ಇದು ದಲಿತ ಕುಟುಂಬಗಳ ಕೆಲಸ. ನೀರು ಹಂಚುವವನಿಗೆ ನೀರಾವರಿ ಜಮೀನು ಅಪರೂಪ. ಆ ಅನ್ಯಾಯ ಮರಳಿ ಬರುವುದು ಬೇಡ. ಆದರೆ ಬಿತ್ತುವ ಮೊದಲೇ ನೀರಿನ ಲೆಕ್ಕ ಹಾಕುವ ಪದ್ಧತಿ ಬೇಕಿತ್ತು. 2002ರಿಂದ ವಿಶ್ವಬ್ಯಾಂಕಿನ ಸಾಲದಲ್ಲಿ ನಡೆದ ಜಲಸಂವರ್ಧನೆ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿದ್ದೂ ಆಗಿತ್ತು. ಕೆ.ಸಿ. ವ್ಯಾಲಿಗೆ ಕೊಳವೆ, ಪಂಪು, ಮೋಟಾರು ಎಲ್ಲ ನೆನಪಾದವು, ಈ ಸಂಘಗಳು ನೆನಪಾಗಲಿಲ್ಲ. ಯಾವ ಕೆರೆಯ ಕೆಳಗೆ ಯಾವ ಬೆಳೆ ಎಂಬ ಯೋಜನೆಯೇ ಇಲ್ಲದೆ ಹರಿಸಿದ ನೀರನ್ನು ದೀರ್ಘಕಾಲದ ನೀರಾವರಿ ಯೋಜನೆ ಎನ್ನಲಾಗದು.

ನಗರದ ಕಡೆಯಿಂದಲೂ ಭರವಸೆ ಗಟ್ಟಿಯಿಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ, ಬೊಮ್ಮನಹಳ್ಳಿ ಸುತ್ತಲಿನ ಊರುಗಳೂ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಪೂರೈಕೆ ಬಂತು. ಅದರ ಜೊತೆ ಕೊಳಚೆಯೂ ಹೆಚ್ಚುತ್ತದೆ, ನಿಜ. ಆದರೆ ಅದೇ ವರ್ಷದ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಸುಸ್ತಾದ ನಗರ, ಕಟ್ಟಡ ಕೆಲಸಕ್ಕೆ ಸಂಸ್ಕರಿಸಿದ ನೀರನ್ನೇ ಬಳಸಬೇಕೆಂದು ಹೇಳಲು ಶುರು ಮಾಡಿತು. ನಾಳೆ ಬೆಂಗಳೂರು ತನ್ನ ನೀರನ್ನು ತಾನೇ ಮತ್ತೆ ಬಳಸಿಕೊಂಡರೆ ಕೋಲಾರದ ಪಾಲಿಗೆ ಎಷ್ಟು ಉಳಿಯುತ್ತದೆ? ದಕ್ಷಿಣ ಪಿನಾಕಿನಿಯನ್ನೇ ನೆಚ್ಚಿದ ಹೊಸೂರು ಕಡೆಯ ರೈತರಿಗೆ ಎಷ್ಟು?

ಕೆ.ಸಿ. ವ್ಯಾಲಿ ಯೋಜನೆಯ ಎರಡನೇ ಹಂತದಲ್ಲಿ ಇನ್ನಷ್ಟು ಕೆರೆಗಳನ್ನು ಪಟ್ಟಿಗೆ ಸೇರಿಸುವ ಮುನ್ನ ಇಲಾಖೆ ಮೊದಲ 126 ಕೆರೆಗಳ ಲೆಕ್ಕ ಒಪ್ಪಿಸಲಿ: ಎಷ್ಟು ನೀರು ಬಂತು, ಸುತ್ತ ಎಷ್ಟು ಹೊಸ ಬೋರು ಬಿದ್ದವು, ಯಾವ ಬೆಳೆ ಹೆಚ್ಚಿತು. ನೀರಿನ ಪರೀಕ್ಷೆಯ ಫಲಿತಾಂಶ ಪ್ರತಿ ತಿಂಗಳು ಪಂಚಾಯಿತಿ ಗೋಡೆಯ ಮೇಲೆ ಇರಲಿ. ಮೂರನೇ ಹಂತದ ಶುದ್ಧೀಕರಣಕ್ಕೆ ದುಡ್ಡೆಲ್ಲಿಂದ ಎಂದು ಸರ್ಕಾರ ಕೇಳುವುದಾದರೆ, ಅದನ್ನು ನಮ್ಮ ನೀರಿನ ಬಿಲ್ಲಿಗೆ ಸೇರಿಸಲಿ. ಬೊಮ್ಮನಹಳ್ಳಿಯವರು ಅದಕ್ಕೆ ತಕರಾರು ತೆಗೆಯಬಾರದು.