ಸಿಂಹಾಸನಕ್ಕೆ ಬೇಡವಾದವರು

ಫ್ಯಾಂಟಸಿ ಕಾದಂಬರಿಕಾರನಿಗಿರುವ ಸ್ವಾತಂತ್ರ್ಯ ಬೇರೆ ಕಥೆಗಾರರಿಗಿಲ್ಲ. ನೆಲ, ನೀರು, ದೇವರು, ಭಾಷೆ ಎಲ್ಲವನ್ನೂ, ಆಕಾಶದಲ್ಲಿ ಎಷ್ಟು ಚಂದ್ರರಿರಬೇಕು ಎಂಬುದನ್ನೂ, ಅವನೇ ತೀರ್ಮಾನಿಸುತ್ತಾನೆ. ವಾಸ್ತವವಾದಿ ಕಾದಂಬರಿಯಲ್ಲಿ ಸಲಿಂಗಿ ಪಾತ್ರವೊಂದು ಸತ್ತರೆ ಲೇಖಕ ಸಮಾಜದತ್ತ ಬೆರಳು ತೋರಿಸಿ ಪಾರಾಗಬಹುದು. ಇಲ್ಲಿ ಆ ಸಮಾಜವನ್ನು ಕಟ್ಟಿದವನೂ ಅವನೇ. ಹಾಗಾಗಿ ಇಂಗ್ಲಿಷಿನ ಜನಪ್ರಿಯ ಫ್ಯಾಂಟಸಿ ಲೈಂಗಿಕ ಅಲ್ಪಸಂಖ್ಯಾತರನ್ನು ಹೇಗೆ ನಡೆಸಿಕೊಂಡಿತು ಎಂದು ನೋಡುವಾಗ ಎಷ್ಟು ಮಂದಿ ಕೆಟ್ಟವರಾದರು, ಎಷ್ಟು ಮಂದಿ ಸತ್ತರು ಎಂದು ತಲೆ ಎಣಿಸಿದರೆ ಸಾಲದು. ಆ ಲೋಕದ ಕಟ್ಟಳೆಯಲ್ಲಿ ಅವರಿಗೆ ಜಾಗವಿತ್ತೇ ಎಂದು ಕೇಳಬೇಕು. ರಾಕ್ಷಸನನ್ನು ಕೊಂದವನಿಗೆ ಅರ್ಧ ರಾಜ್ಯವನ್ನೂ ಮಗಳನ್ನೂ ಕೊಡುವ ಅಜ್ಜಿ ಕಥೆಯ ಲೆಕ್ಕವೇ ಈ ದಪ್ಪ ದಪ್ಪ ಸಂಪುಟಗಳಲ್ಲೂ ನಡೆಯುತ್ತದೆ. ಕಥೆ ಕೊನೆಗೆ ಮುಟ್ಟುವುದು ವಾರಸುದಾರನನ್ನು. ವಾರಸುದಾರನನ್ನು ಕೊಡದ ಪ್ರೇಮ ಈ ಲೆಕ್ಕದಲ್ಲಿ ಒಂದೋ ಪೈಶಾಚಿಕವಾಗುತ್ತದೆ, ಇಲ್ಲವೇ ಬಲಿಯಾಗುತ್ತದೆ.

ಪೈಶಾಚಿಕತೆಗೆ ಫ್ರಾಂಕ್ ಹರ್ಬರ್ಟನ ‘ಡ್ಯೂನ್’ (1965) ಸಾಕು. ವೈಜ್ಞಾನಿಕ ಕಥೆಯೆಂಬ ಹಣೆಪಟ್ಟಿ ಇದ್ದರೂ ಅದರ ಒಡಲೆಲ್ಲ ರಾಜವಂಶ, ಭವಿಷ್ಯವಾಣಿ, ಅವತಾರಪುರುಷ. ತಲೆಮಾರುಗಳಿಂದ ತಳಿ ಕೂಡಿಸುತ್ತ ಬಂದ ಸನ್ಯಾಸಿನಿಯರ ಯೋಜನೆಯೇ ಅದರ ಬೆನ್ನುಮೂಳೆ. ಅಂಥ ಕಾದಂಬರಿಯಲ್ಲಿ ಗಂಡಸರನ್ನು ಬಯಸುವ ಪ್ರಮುಖ ಪಾತ್ರ ಒಂದೇ: ಖಳನಾಯಕ ಬ್ಯಾರನ್ ಹಾರ್ಕೊನನ್. ತನ್ನ ಮೈಯ ಭಾರ ಹೊರಲಾರದೆ ತೂಕ ಇಳಿಸುವ ಸಾಧನಗಳನ್ನು ಕಟ್ಟಿಕೊಂಡು ತೇಲುವವನು. ಅವನ ಬಯಕೆಯೂ ಪ್ರೇಮವಾಗಿ ಬರುವುದಿಲ್ಲ. ಮದ್ದು ಕುಡಿಸಿ ಕರೆತನ್ನಿ ಎಂದು ಅವನು ಅಪ್ಪಣೆ ಕೊಡುವ ಗುಲಾಮ ಹುಡುಗನ ಮುಖ ಕಥಾನಾಯಕ ಪಾಲ್‌ನದನ್ನು ಹೋಲುತ್ತದೆ. ಪಾಲ್ ತನ್ನ ಮೊಮ್ಮಗನೆಂಬುದು ಬ್ಯಾರನ್‌ಗೆ ಆಗ ತಿಳಿದಿಲ್ಲ. ಸಲಿಂಗ ಕಾಮ, ಮಕ್ಕಳ ಮೇಲಿನ ದೌರ್ಜನ್ಯ, ರಕ್ತಸಂಬಂಧದ ಹೊಲಸು ಮೂರನ್ನೂ ಹರ್ಬರ್ಟ್ ಒಂದೇ ಗಂಟು ಕಟ್ಟಿ ಓದುಗನ ಕೈಗಿಡುತ್ತಾನೆ. ಡೇವಿಡ್ ಲಿಂಚ್‌ನ 1984ರ ಚಿತ್ರ ಆ ಗಂಟಿಗೆ ರೋಗವನ್ನೂ ಸೇರಿಸಿತು: ಬ್ಯಾರನ್‌ನ ಮುಖದ ತುಂಬ ಕೀವುಗುಳ್ಳೆ, ಹೂ ತಂದ ಹುಡುಗನ ಎದೆಗೆ ಅಳವಡಿಸಿದ ಬಿರಡೆ ಕಿತ್ತು ಅವನನ್ನು ಕೊಂದು ಅನುಭವಿಸುವ ಸುಖ. ಅಮೆರಿಕದಲ್ಲಿ ಏಡ್ಸ್ ಭೀತಿ ಏರುತ್ತಿದ್ದ ವರ್ಷಗಳವು. ನೋಡುಗ ಆ ಗುಳ್ಳೆಗಳನ್ನು ಹೇಗೆ ಓದಿಕೊಂಡಿರಬಹುದು ಎಂಬುದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಖಳನಿಗೆ ಯಾವ ಒಲವೂ ಇರಬಹುದಲ್ಲ, ಸಲಿಂಗಿ ಕೆಟ್ಟವನಾಗಬಾರದೆಂಬ ನಿಯಮವುಂಟೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಖಂಡಿತ ಆಗಬಹುದು. ಆದರೆ ‘ಡ್ಯೂನ್’ನಲ್ಲಿ ಗಂಡುಹೆಣ್ಣಿನ ಒಲವಿಗೆ ಡ್ಯೂಕ್ ಲೆಟೊ ಮತ್ತು ಜೆಸಿಕಾ ಇದ್ದಾರೆ, ಪಾಲ್ ಮತ್ತು ಚಾನಿ ಇದ್ದಾರೆ, ಒಬ್ಬ ಕೆಟ್ಟರೆ ಇನ್ನೊಬ್ಬರು ತೂಗುತ್ತಾರೆ. ಇನ್ನೊಂದು ಒಲವಿನ ಪರವಾಗಿ ತಕ್ಕಡಿಯಲ್ಲಿ ಕೂತವನು ಬ್ಯಾರನ್ ಒಬ್ಬನೇ. ರಾಬರ್ಟ್ ಜೋರ್ಡನ್‌ನ ‘ವೀಲ್ ಆಫ್ ಟೈಮ್’ ಹದಿನಾಲ್ಕು ಸಂಪುಟ ಬೆಳೆದರೂ, ಗಂಡಸಿನ ಆತ್ಮ ಹೆಣ್ಣಿನ ದೇಹ ಸೇರಿದ ಪಾತ್ರವೊಂದು ಬಂದಾಗ ಅದು ದುಷ್ಟಶಕ್ತಿಯ ಗೂಢಚಾರ. ಆ ದೇಹವೂ ಆ ದುಷ್ಟಶಕ್ತಿಯೇ ಮಾಡಿದ ಕುಹಕ.

ಬಲಿಯ ಮಾದರಿಯನ್ನು ವಿಮರ್ಶಿಸುವುದು ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಲೇಖಕರ ಕಣ್ಣಲ್ಲಿ ನೀರಿದೆ. ಮರ್ಸಿಡಿಸ್ ಲ್ಯಾಕಿಯ ‘ಮ್ಯಾಜಿಕ್ಸ್ ಪಾನ್’ (1989) ಸಲಿಂಗಿ ನಾಯಕನನ್ನು ಮುಂದಿಟ್ಟ ಮೊದಮೊದಲ ಜನಪ್ರಿಯ ಫ್ಯಾಂಟಸಿಗಳಲ್ಲೊಂದು. ವ್ಯಾನ್ಯೆಲ್‌ನ ಕಥೆ ಎಷ್ಟೋ ಹುಡುಗರಿಗೆ ತಾವು ಒಂಟಿಯಲ್ಲವೆಂಬ ಧೈರ್ಯ ಕೊಟ್ಟಿತು. ಆ ಋಣವನ್ನು ಅಲ್ಲಗಳೆಯಬಾರದು. ಆದರೂ ಕಥೆಯ ಯಂತ್ರ ಹೇಗೆ ತಿರುಗುತ್ತದೆ ನೋಡಿ. ವ್ಯಾನ್ಯೆಲ್‌ನ ಪ್ರಿಯಕರ ಟೈಲೆಂಡೆಲ್, ಅವಳಿ ಸಹೋದರನ ಕೊಲೆಗೆ ಸೇಡು ತೀರಿಸಿಕೊಳ್ಳಲು ಹೋಗಿ, ಎಲ್ಲ ಕಳೆದುಕೊಂಡು ಎತ್ತರದಿಂದ ಹಾರಿ ಸಾಯುತ್ತಾನೆ. ಆ ದುರಂತದ ಆಘಾತದಲ್ಲೇ ವ್ಯಾನ್ಯೆಲ್‌ನೊಳಗೆ ಮುಚ್ಚಿಕೊಂಡಿದ್ದ ಮಾಂತ್ರಿಕ ಶಕ್ತಿಗಳೆಲ್ಲ ಒಮ್ಮೆಗೇ ಒಡೆದು ತೆರೆದುಕೊಳ್ಳುತ್ತವೆ. ಅಂದರೆ ಪ್ರೇಮಿಯ ಸಾವು ಇಲ್ಲಿ ಕಥೆಯ ಇಂಧನ. ಮೂರನೆಯ ಪುಸ್ತಕದಲ್ಲಿ ದರೋಡೆಕೋರರಿಂದ ಅತ್ಯಾಚಾರ, ಕೊನೆಗೆ ನಾಡಿಗಾಗಿ ಪ್ರಾಣತ್ಯಾಗ. ಪ್ರಿಯಕರನೊಡನೆ ನೆಮ್ಮದಿ ಸಿಗುವುದು ದೆವ್ವವಾದ ಮೇಲೆ. ಬ್ಯಾರನ್‌ನನ್ನು ಸೃಷ್ಟಿಸಿದ್ದು ಹೇಸಿಗೆ, ವ್ಯಾನ್ಯೆಲ್‌ನನ್ನು ಸೃಷ್ಟಿಸಿದ್ದು ಅನುಕಂಪ. ಆದರೆ ಇಬ್ಬರಲ್ಲಿ ಯಾರಿಗೂ ಒಂದು ಮನೆ, ಒಂದು ಮುಪ್ಪು ದಕ್ಕಲಿಲ್ಲ.

ಜಾರ್ಜ್ ಮಾರ್ಟಿನ್‌ರ ಅಭಿಮಾನಿಗಳು ಹೇಳುವ ಮಾತೊಂದಿದೆ: ಆ ಲೋಕದಲ್ಲಿ ಎಲ್ಲರೂ ಸಾಯುತ್ತಾರೆ, ಮಧ್ಯಯುಗ ಕ್ರೂರವಾಗಿತ್ತು. ಮೊದಲ ಅರ್ಧ ನಿಜ. ನೆಡ್ ಸ್ಟಾರ್ಕ್ ಸಾಯುತ್ತಾನೆ. ಆದರೆ ಅವನ ಮಕ್ಕಳ ಮೂಲಕ ಕಥೆ ಕೊನೆತನಕ ಅವನದೇ ಆಗಿರುತ್ತದೆ. ಸಿಂಹಾಸನ ಬಯಸಿದ ಸಲಿಂಗಿ ರಾಜ ರೆನ್ಲಿ ಸತ್ತರೆ ಕಥೆಯಿಂದಲೇ ಅಳಿಸಿಹೋಗುತ್ತಾನೆ. ಮಾರ್ಟಿನ್‌ರ ಕಾದಂಬರಿಗಳ ಟಿವಿ ಸರಣಿಯಲ್ಲಿ, 2012ರಲ್ಲಿ, ಅವನನ್ನು ಕೊಲ್ಲುವುದು ಅಣ್ಣ ಸ್ಟಾನಿಸ್ ಮತ್ತು ಮಾಟಗಾತಿಯೊಬ್ಬಳ ಕೂಟದಿಂದ ಹುಟ್ಟಿದ ಕಪ್ಪು ನೆರಳು. ಹೆಂಡತಿಗೆ ಮಗು ಕೊಡಲಾಗದ ರಾಜನನ್ನು ಗಂಡುಹೆಣ್ಣಿನ ಒಂದು ಕೂಸೇ ಬಂದು ಕೊಂದಂತಾಯಿತು. ಇದು ಉದ್ದೇಶಪೂರ್ವಕವಲ್ಲದಿರಬಹುದು, ಉದ್ದೇಶವಿಲ್ಲದೆಯೂ ಹೀಗಾಗುವುದೇ ಪರಂಪರೆಯ ಕೆಲಸ. ಅವನ ಪ್ರೇಮಿ ಲೋರಸ್‌ನ ಹಣೆಯನ್ನು 2016ರಲ್ಲಿ ಅದೇ ಸರಣಿ ಚಾಕುವಿನಿಂದ ಕೆತ್ತಿಸಿತು, ಮರುಕ್ಷಣಗಳಲ್ಲೇ ಸುಟ್ಟಿತು. ಮಧ್ಯಯುಗದ ವಾದದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಡ್ರ್ಯಾಗನ್‌ಗೆ ರೆಕ್ಕೆ ಕಟ್ಟುವಾಗ ಯಾರೂ ಇತಿಹಾಸದ ಅಪ್ಪಣೆ ಕೇಳಿರಲಿಲ್ಲ.

ಮೌನವೂ ಒಂದು ಚಿತ್ರಣವೇ. ‘ಹ್ಯಾರಿ ಪಾಟರ್’ನ ಏಳನೆಯ ಪುಸ್ತಕ ಬಂದ ಮೇಲೆ, 2007ರ ಅಕ್ಟೋಬರ್‌ನಲ್ಲಿ, ಮಾಂತ್ರಿಕ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಸಲಿಂಗಿ ಎಂದು ಲೇಖಕಿ ರೌಲಿಂಗ್ ಹೇಳಿದರು. ಏಳು ಪುಸ್ತಕಗಳಲ್ಲಿ ಆ ಮಾತಿಲ್ಲ. ಆ ಹೇಳಿಕೆಯನ್ನು ಕಥೆಗೆ ಸೇರಿಸಿ ಓದಿದರೆ ಸಿಗುವುದೂ ಹಳೆಯ ಪಾಠವೇ: ಅವನ ಒಂದೇ ಒಲವು ಮುಂದೆ ಸರ್ವಾಧಿಕಾರಿಯಾಗುವ ಗ್ರಿಂಡೆಲ್‌ವಾಲ್ಡ್ ಮೇಲೆ, ಅದರ ಬೆಲೆ ತಂಗಿಯ ಪ್ರಾಣ, ಆಮೇಲೆ ಆಜೀವ ಏಕಾಂತ. 2022ರ ಚಿತ್ರದಲ್ಲಿ ಈ ಪ್ರೇಮ ಕೊನೆಗೂ ಬಾಯಿಬಿಟ್ಟಿತು; ಚೀನಾದಲ್ಲಿ ಬಿಡುಗಡೆಯಾದಾಗ ಆರು ಸೆಕೆಂಡಿನ ಸಂಭಾಷಣೆ ಕತ್ತರಿಸಿದ್ದೇ ಅದನ್ನು ಮುಚ್ಚಲು ಸಾಕಾಯಿತು. ಅಷ್ಟು ತೆಳುವಾಗಿ ಹಚ್ಚಿದ ಬಣ್ಣವದು. ನನಗೆ ಇದಕ್ಕಿಂತ ಕಳವಳ ತರುವುದು ತೋಳಮನುಷ್ಯರ ರೂಪಕ. ಅವರಲ್ಲೊಬ್ಬನಾದ ಲೂಪಿನ್‌ನ ಶಾಪ ಎಚ್‌ಐವಿಯಂಥ ಕಳಂಕ ಹೊತ್ತ ಕಾಯಿಲೆಗಳ ರೂಪಕವೆಂದು ಲೇಖಕಿಯೇ ಹೇಳಿದ್ದಾರೆ. ಸದಾಶಯವೇ ಸರಿ. ಆದರೆ ಆರನೆಯ ಪುಸ್ತಕದಲ್ಲಿ ಬರುವ ಇನ್ನೊಬ್ಬ ತೋಳಮನುಷ್ಯ ಗ್ರೇಬ್ಯಾಕ್, ಬೇಕೆಂದೇ ಮಕ್ಕಳನ್ನು ಹುಡುಕಿ ಕಚ್ಚಿ ಸೋಂಕು ಹರಡುವವನು. ರೂಪಕವನ್ನು ಒಪ್ಪಿದ ಓದುಗ ಅದರ ಜೊತೆಗೆ, ಆ ರೋಗಿಗಳ ಮೇಲೆ ಹೊರಿಸಿದ್ದ ಅತಿ ನೀಚ ಅಪವಾದವನ್ನೂ ನುಂಗಬೇಕಾಗುತ್ತದೆ.

ಉಳಿದದ್ದು, ಅಂದಿನ ಕಾಲವೇ ಹಾಗಿತ್ತು, ಅಂದಿನ ಓದುಗರು ಒಪ್ಪುತ್ತಿರಲಿಲ್ಲ ಎಂಬ ಸಮಾಧಾನ. ಆದರೆ ಸಲಿಂಗ ಪ್ರೇಮಕ್ಕೆ ಜಾಗ ಕೊಟ್ಟ ಫ್ಯಾಂಟಸಿ ಅಂದೂ ಇತ್ತು. ಸ್ಯಾಮ್ಯುಯೆಲ್ ಡಿಲೇನಿ ‘ನೆವೆರಿಯಾನ್’ ಕಥೆಗಳನ್ನು ಪ್ರಕಟಿಸತೊಡಗಿದ್ದು 1979ರಲ್ಲಿ. ಎಲೆನ್ ಕುಶ್ನರ್‌ರ ‘ಸ್ವೋರ್ಡ್ಸ್‌ಪಾಯಿಂಟ್’ 1987ರದು, ಲ್ಯಾಕಿಯ ಪುಸ್ತಕಕ್ಕಿಂತ ಎರಡು ವರ್ಷ ಮೊದಲು. ಕುಶ್ನರ್‌ರ ನಗರದಲ್ಲಿ ಮಾಟವಿಲ್ಲ, ಡ್ರ್ಯಾಗನ್ ಇಲ್ಲ. ಬಾಡಿಗೆ ಕತ್ತಿವರಸೆಗಾರ ರಿಚರ್ಡ್ ಮತ್ತು ಬಾಯಿಬಡುಕ ವಿದ್ಯಾರ್ಥಿ ಅಲೆಕ್ ರಿವರ್‌ಸೈಡ್ ಎಂಬ ಕೊಳಕು ಕೇರಿಯಲ್ಲಿ ಒಟ್ಟಿಗಿದ್ದಾರೆ, ಅದನ್ನು ಯಾರೂ ಸುದ್ದಿ ಮಾಡುವುದಿಲ್ಲ. ಇಬ್ಬರೂ ಸಂತರಲ್ಲ, ಒಬ್ಬ ಹಣಕ್ಕೆ ಕೊಲ್ಲುತ್ತಾನೆ, ಇನ್ನೊಬ್ಬ ಬೇಕೆಂದೇ ಜಗಳ ತೆಗೆದು ಅವನಿಂದ ಕೊಲ್ಲಿಸುತ್ತಾನೆ. ರಿಚರ್ಡ್ ಕೊಲೆಯ ಆರೋಪ ಹೊತ್ತು ವಿಚಾರಣೆಗೆ ನಿಂತಾಗ ಅಲೆಕ್ ಡಚೆಸ್ ಒಬ್ಬಳ ಮೊಮ್ಮಗನೆಂಬುದು ಹೊರಬೀಳುತ್ತದೆ. ರಿಚರ್ಡ್ ಬಿಡುಗಡೆಯಾದ ಮೇಲೆ ಅಲೆಕ್‌ನ ಎದುರು ಅರಮನೆಯೂ ಇದೆ, ವಂಶದ ಹೆಸರೂ ಇದೆ. ಅವನು ಸೇತುವೆ ದಾಟಿ ರಿವರ್‌ಸೈಡಿನ ಆ ಬಾಡಿಗೆ ಕೋಣೆಗೆ, ರಿಚರ್ಡ್ ಇರುವಲ್ಲಿಗೆ, ಮರಳುತ್ತಾನೆ.